ನಮ್ಮದು ಅರ್ಧ ಕೇರಳ ಅಲ್ಲ ಮಾರಾಯ

'ಕೊರೊನಾ ಟೈಮಲ್ಲಿ ಊರಿಗೆ ಹೋಗಿ ಹಡಿಲು ಗದ್ದೆಯೆಲ್ಲ ಹಸಿರು ಮಾಡಿದ್ರಿ. ಈಗ ನೋಡಿದ್ರೆ ಮತ್ತೆ ಹಾಗೇ ಬಿದ್ದಿದೆ. ನಿಮಗೆ ಮಣ್ಣು ಮುಟ್ಟೋಕೆ ಸೋಮಾರಿತನ' ಅಂತ ಬರೆದಿದ್ದೀಯಲ್ಲ. ಕೆಳಗೆ 'ನಿಮ್ಮದು ಅರ್ಧ ಕೇರಳ ಅಲ್ವಾ' ಅಂತ ಒಂದು ನಗು ಬೇರೆ.

ಕೇರಳದ ವಿಷಯ ಮೊದಲು ಮುಗಿಸುತ್ತೇನೆ. ನಮ್ಮ ಮನೆ ತಲಪಾಡಿ ಗಡಿಯ ಈಚೆ, ಕರ್ನಾಟಕದಲ್ಲಿ. ಮಂಜೇಶ್ವರ 1956ರಲ್ಲಿ ಆಚೆ, ಕೇರಳಕ್ಕೆ ಹೋಯಿತು, ನಂಟಸ್ತಿಕೆ ಹೋಗಲಿಲ್ಲ. ಮದುವೆ, ಕೋಲ, ಆಸ್ಪತ್ರೆ ಎಲ್ಲ ಗಡಿ ದಾಟಿಯೇ ನಡೆಯುತ್ತಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಗಡಿ ಮುಚ್ಚಲು ರಸ್ತೆಗೆ ಮಣ್ಣು ಸುರಿದಾಗಲೇ ನಮಗೆ ಗಡಿ ಅನ್ನೋದು ಕಣ್ಣಿಗೆ ಕಂಡದ್ದು.

ಇನ್ನು ಗದ್ದೆ. ಅದು ಹಡಿಲು, ಅಂದರೆ ಬೇಸಾಯವಿಲ್ಲದೆ ಪಾಳು ಬಿದ್ದದ್ದು ಸೋಮಾರಿತನದಿಂದ ಅಲ್ಲ. ಉಳುವವನಿಗೇ ಭೂಮಿ ಕೊಟ್ಟ 1974ರ ಭೂಸುಧಾರಣೆ ಆದ ಮೇಲೆ ಗೇಣಿಗೆ ಕೊಟ್ಟರೆ ಜಾಗ ಹೋಯ್ತು ಅನ್ನುವ ಹೆದರಿಕೆ ಇಲ್ಲಿ ಇನ್ನೂ ಇದೆ. ಮಕ್ಕಳೆಲ್ಲ ಮುಂಬೈ, ಗಲ್ಫು. ಕೂಲಿಗೆ ಜನ ಇಲ್ಲ. ಇದ್ದ ಪೈರಿಗೂ ನವಿಲು, ಹಂದಿ. ಲಾಕ್‌ಡೌನಿನಲ್ಲಿ ಮುಂಬೈ ಹೋಟೆಲಿನಿಂದ ಭಾವ ಬಂದ, ನಾನು ಲ್ಯಾಪ್‌ಟಾಪ್ ಹಿಡಿದು ಬಂದೆ. ಟಿಲ್ಲರ್ ಬಾಡಿಗೆಗೆ ತಂದು ಏಣೇಲು, ಅಂದರೆ ಮಳೆಗಾಲದ ಭತ್ತ ಬೆಳೆದೆವು. ಉಡುಪಿ ಕಡೆ 2021ರಲ್ಲಿ ಅದು ಆಂದೋಲನವೇ ಆಯಿತು. ನೀನು ನೋಡಿದ ಫೋಟೋ ಅದರದ್ದೇ ಇರಬೇಕು.

ಕೆಸರಿಗೆ ಇಳಿಯುವುದು ಸುಲಭ ಮಾರಾಯ, ಆರ್‌ಟಿಸಿಗೆ, ಅಂದರೆ ಜಮೀನಿನ ಪಹಣಿಗೆ ಇಳಿಯುವುದು ಕಷ್ಟ. ನಮ್ಮದು ಅಳಿಯಕಟ್ಟಿನ ಕುಟುಂಬ, ಆಸ್ತಿ ತಾಯಿಯ ಕಡೆಯಿಂದ ಬರುವಂಥದ್ದು. ಪಹಣಿಯಲ್ಲಿ ಅಮ್ಮ, ದೊಡ್ಡಮ್ಮ, ಮುಂಬೈಯ ಮಾವ, ಎಲ್ಲರದ್ದೂ ಜಂಟಿ ಹೆಸರು. ಪ್ಲಾಟಿಂಗ್, ಅಂದರೆ ಅಳತೆ ಮಾಡಿ ಬೇರೆ ಬೇರೆ ಮಾಡುವ ಕೆಲಸ ಆಗಿಲ್ಲ. ಸೊಸೈಟಿಯಲ್ಲಿ ಬಡ್ಡಿಯಿಲ್ಲದ ಬೆಳೆಸಾಲ ಇದೆ, ಸರಿ, ಆದರೆ ಎಲ್ಲರ ಸಹಿ ಬೇಕು. ದೊಡ್ಡಮ್ಮ ತೀರಿಕೊಂಡು ವರ್ಷಗಳಾದವು, ಅದೂ ಮಂಜೇಶ್ವರದ ಗಂಡನ ಮನೆಯಲ್ಲಿ. ತೀರಿಕೊಂಡವರ ಪಾಲು ಅವರ ಮಕ್ಕಳ ಹೆಸರಿಗೆ ಬದಲಾಗಬೇಕಾದರೆ, ಅಂದರೆ ಪೌತಿ ಖಾತೆ ಆಗಬೇಕಾದರೆ, ವಂಶವೃಕ್ಷ ತನ್ನಿ ಅಂತಾರೆ. ಆಚೆ ಕೊಡುವುದು ವಾರಸುದಾರರ ಸರ್ಟಿಫಿಕೇಟು. ಅದರ ನಮೂನೆ ಬೇರೆ, ಅಕ್ಷರ ಮಲಯಾಳ. ಈಚೆಯ ಕಚೇರಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ 'ಇದು ನಮ್ಮದಲ್ಲ' ಅನ್ನುತ್ತಾರೆ. ಭಾಷಾಂತರ ಮಾಡಿಸಿ, ನೋಟರಿ ಮಾಡಿಸಿ ಕೊಟ್ಟರೆ ಅಷ್ಟೊತ್ತಿಗೆ ಆ ಸಾಹೇಬರಿಗೆ ವರ್ಗ. ಹೊಸಬರು ಮತ್ತೆ ಮೊದಲಿನಿಂದ. ಅಲ್ಲಿ ಹೋದರೆ ನಾವು ಕರ್ನಾಟಕದವರು, ಇಲ್ಲಿ ಬಂದರೆ ನಮ್ಮ ಕಾಗದ ಕೇರಳದ್ದು. ಆ ವರ್ಷವಂತೂ ಕಾಗದ ಹಿಡಿದು ತಲಪಾಡಿ ದಾಟುವುದಕ್ಕೂ ಪಾಸ್ ಬೇಕಿತ್ತು. ಸಾಲ ಸಿಗಲಿಲ್ಲ. ಭಾವನ ಉಳಿತಾಯದಲ್ಲೇ ಬೇಸಾಯ ಆಯಿತು. ಹೋಟೆಲ್ ಮತ್ತೆ ತೆರೆದದ್ದೇ ಅವನು ಹೊರಟ. ಅವನದ್ದೇನು ತಪ್ಪು? ಅಕ್ಕಿ ಊಟಕ್ಕೆ ಸಾಕಿತ್ತು, ಮಕ್ಕಳ ಫೀಸಿಗೆ ಸಾಕಾಗಲಿಲ್ಲ.

ಮತ್ತೊಂದು ತಮಾಷೆ ಕೇಳು. ಗಡಿ ಮುಚ್ಚಿದ್ದರಿಂದ ನಮಗೆ ತೊಂದರೆಯಾಯ್ತು ಅಂದೆನಲ್ಲ. ದೇಶದ ಗಡಿಗಳು ಬಿಗಿಯಾಗಿ ಹೊರಗಿನ ಕಳ್ಳ ಅಡಿಕೆ ಕಡಿಮೆಯಾದದ್ದರಿಂದ ನಮ್ಮ ಅಡಿಕೆಗೆ ರೇಟೂ ಬಂತು. 2021ರಲ್ಲಿ ಕಿಲೋಗೆ 500 ರೂಪಾಯಿ ದಾಟಿತು. ಆಮೇಲೆ ಭತ್ತ ಯಾರಿಗೆ ಬೇಕು? ತಗ್ಗಿನಲ್ಲಿರುವ ಬೈಲಿನ ಗದ್ದೆಗೂ ಮಣ್ಣು ಹಾಕಿ ಏರಿಸಿ ಅಡಿಕೆ ಸಸಿ ಇಟ್ಟರು. ಪಕ್ಕದ ಗದ್ದೆಗೆ ನೀರು ಹೋಗುವ ತೋಡು ಮುಚ್ಚಿತು, ಜಗಳ ಶುರುವಾಯ್ತು. ನಾವೂ ಬೈಲಿಗಿಂತ ಮೇಲಿರುವ ಮಜಲು ಗದ್ದೆಯಲ್ಲಿ ಸಸಿ ಇಟ್ಟೆವು, ಸುಳ್ಳು ಯಾಕೆ ಹೇಳಲಿ. ನೀನು 'ಹಾಗೇ ಬಿದ್ದಿದೆ' ಅಂದದ್ದು ಕೆಳಗಿನ ಬೈಲು. ಅದರ ಪಾಲು ಯಾರದ್ದು ಅಂತ ತೀರ್ಮಾನವಾಗದೆ ಅಲ್ಲಿ ಯಾರೂ ಏನೂ ನೆಡುವಂತಿಲ್ಲ.

ಅಷ್ಟು ವರ್ಷ ಸಹಿ ಕೇಳಿದರೆ ಫೋನ್ ಎತ್ತದ ಮುಂಬೈಯ ಮಾವ ಈಗ ತಾವೇ ಫೋನ್ ಮಾಡುತ್ತಾರೆ. ಅಡಿಕೆ ರೇಟು ಎಷ್ಟಿದೆ ಅಂತ ವಿಚಾರಿಸುತ್ತಾರೆ. ಸಹಿ ಮಾತ್ರ ಪಾಲಾದ ಮೇಲಂತೆ.