ಪ್ಲಾಟ್ ಕೊಂಡು ಮಾರುವವರಿಗೆ ರೇರಾ ಏಜೆಂಟ್ ನೋಂದಣಿ ಬೇಕೆ?

ಪ್ರಶ್ನೆ: ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡಿಕೊಂಡಿದ್ದೇನೆ. ಉಳಿತಾಯದ ಹಣದಲ್ಲಿ ಕೊಪ್ಪಳ, ಭಾಗ್ಯನಗರದ ಕಡೆ ಆಗಾಗ ಪ್ಲಾಟ್ ಕೊಂಡು, ಬೆಲೆ ಬಂದಾಗ ಮಾರುತ್ತೇನೆ. ರೇರಾ ಏಜೆಂಟ್ ಆಗಿ ನೋಂದಾಯಿಸಿಕೊಂಡರೆ ದಲ್ಲಾಳಿ ಹಣವೂ ಉಳಿಯುತ್ತದೆ, ಒಳ್ಳೆಯ ಪ್ಲಾಟ್‌ಗಳ ಸುದ್ದಿಯೂ ಮೊದಲು ಸಿಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಮಾಡಿಸಬಹುದೇ?

ಉತ್ತರ: ನಿಮ್ಮ ವ್ಯವಹಾರ ಇಷ್ಟೇ ಆಗಿದ್ದರೆ ಅದರ ಅಗತ್ಯವಿಲ್ಲ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ, ಅಂದರೆ ರೇರಾದ ಪ್ರಕಾರ ಏಜೆಂಟ್ ಎಂದರೆ ಒಬ್ಬರ ಪರವಾಗಿ ಇನ್ನೊಬ್ಬರೊಡನೆ ವ್ಯವಹಾರ ಕುದುರಿಸಿ ಅದಕ್ಕೆ ಕಮಿಷನ್ ಪಡೆಯುವವರು. ತಮ್ಮ ಹೆಸರಿಗೆ ಕೊಂಡು ತಮ್ಮದನ್ನೇ ಮಾರುವವರು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಸುದ್ದಿ ಮೊದಲು ಸಿಗುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಪಹಣಿ ಭೂಮಿ ತಂತ್ರಾಂಶದಲ್ಲಿ, ಋಣಭಾರ ಪತ್ರ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ, ಬಡಾವಣೆಯ ನೋಂದಣಿ ವಿವರ ರೇರಾ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತವೆ. ಉಳಿದ ಸುದ್ದಿ ಹುಟ್ಟುವುದು ಚಹಾದಂಗಡಿಯಲ್ಲಿ. ಅಲ್ಲಿ ನೋಂದಣಿ ಸಂಖ್ಯೆಯನ್ನು ಯಾರೂ ಕೇಳುವುದಿಲ್ಲ.

ಆದರೆ ನಿಮ್ಮ ಮಾತು ನಂಬಿ ಬೀಗರೊಬ್ಬರು ರೇರಾ ನೋಂದಣಿಯಾದ ಬಡಾವಣೆಯಲ್ಲಿ ಪ್ಲಾಟ್ ಹಿಡಿದು, ಬಡಾವಣೆಯ ಮಾಲೀಕರು ನಿಮ್ಮ ಕೈಗೆ ಕಮಿಷನ್ ಇಟ್ಟರೆ, ಅದು ಒಂದೇ ಸಲವಾದರೂ, ನೀವು ನೋಂದಣಿಯಿಲ್ಲದ ಏಜೆಂಟ್ ಆಗುತ್ತೀರಿ. ತಪ್ಪು ಮುಂದುವರಿದ ಪ್ರತಿ ದಿನಕ್ಕೆ 10,000 ರೂಪಾಯಿಯಂತೆ, ಪ್ಲಾಟಿನ ಬೆಲೆಯ ಶೇ 5ರವರೆಗೆ ದಂಡ ಬೀಳಬಹುದು. 20 ಲಕ್ಷದ ಪ್ಲಾಟಿಗೆ ಅದು 1 ಲಕ್ಷ ಮುಟ್ಟುತ್ತದೆ. ಇಂಥ ಕಮಿಷನ್ ವರ್ಷಕ್ಕೆ ನಾಲ್ಕಾರು ಸಲ ಬರುವಂತಿದ್ದರೆ ನೋಂದಣಿ ಮಾಡಿಸಿಕೊಳ್ಳುವುದೇ ಸರಿ. ರಾಜ್ಯದ 2017ರ ನಿಯಮಗಳಂತೆ ವ್ಯಕ್ತಿಗೆ ಶುಲ್ಕ 25,000 ರೂಪಾಯಿ, ಅವಧಿ 5 ವರ್ಷ. ಅದು ಕರ್ನಾಟಕಕ್ಕೆ ಮಾತ್ರ ಅನ್ವಯಿಸುವುದರಿಂದ, ರಾಯಚೂರು ದಾಟಿ ಗದ್ವಾಲದ ಬಡಾವಣೆಗಳಲ್ಲಿ ವ್ಯವಹಾರ ಮಾಡಿಸಲು ತೆಲಂಗಾಣದಲ್ಲಿ ಪ್ರತ್ಯೇಕ ನೋಂದಣಿ ಬೇಕು.

ತೆರಿಗೆಯ ವಿಷಯವನ್ನು ನಿಮ್ಮ ಸ್ನೇಹಿತರು ಹೇಳಿದಂತಿಲ್ಲ. 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಪ್ಲಾಟಿನ ಲಾಭಕ್ಕೆ ಈಗ ಶೇ 12.5ರ ದೀರ್ಘಾವಧಿ ಬಂಡವಾಳ ಲಾಭ ತೆರಿಗೆ ಇದೆ. ಆದರೆ ಕೊಂಡು ಮಾರುವುದೇ ನಿಮ್ಮ ಕಸುಬು ಎಂದು ಆದಾಯ ತೆರಿಗೆ ಇಲಾಖೆ ಪರಿಗಣಿಸಿದರೆ ಅದೇ ಲಾಭ ವ್ಯಾಪಾರದ ಆದಾಯವಾಗಿ, ನಿಮ್ಮ ಅಕ್ಕಿ ವ್ಯಾಪಾರದ ಆದಾಯದ ಜೊತೆ ಸೇರಿ, ಮೇಲಿನ ದರಕ್ಕೆ ಹೋಗಬಹುದು. ಏಜೆಂಟ್ ನೋಂದಣಿಯೊಂದೇ ಇದನ್ನು ನಿರ್ಧರಿಸುವುದಿಲ್ಲವಾದರೂ ಇದು ಕಸುಬಲ್ಲ, ಉಳಿತಾಯದ ಹೂಡಿಕೆ ಎಂಬ ನಿಮ್ಮ ವಾದಕ್ಕೆ ಅದು ನೆರವಾಗದು.

ನಾಲ್ಕು ಜನ ಪಾಲುದಾರರು ಸೇರಿ ಎಕರೆ ಹೊಲ ಕೊಂಡು ಪ್ಲಾಟ್ ಮಾಡಿ ಮಾರುವ ಯೋಚನೆ ಬಂದರಂತೂ ಏಜೆಂಟ್ ನೋಂದಣಿ ಕೆಲಸಕ್ಕೇ ಬರುವುದಿಲ್ಲ, ಏಕೆಂದರೆ ಆಗ ನೀವು ಪ್ರವರ್ತಕರು. 500 ಚದರ ಮೀಟರ್, ಅಂದರೆ ಸುಮಾರು 5 ಗುಂಟೆ ಮೀರಿದ ಜಾಗಕ್ಕೆ ಯೋಜನೆಯ ನೋಂದಣಿಯೇ ಆಗಬೇಕು. ದಾರಿ ಬಿಡದೆ ಅಳೆದರೂ ಅಷ್ಟರಲ್ಲಿ 30x40ರ ನಾಲ್ಕೇ ಪ್ಲಾಟ್ ಬರುತ್ತವೆ. ಎನ್.ಎ. (ಕೃಷಿ ಭೂಮಿಯನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸುವ) ಆದೇಶ, ಬಡಾವಣೆ ನಕ್ಷೆಯ ಅನುಮೋದನೆ ಪಡೆದು ರೇರಾ ನೋಂದಣಿ ಕೈಗೆ ಬರುವವರೆಗೆ ಜಾಹೀರಾತು ಹಾಕುವುದಾಗಲಿ, ಒಂದು ರೂಪಾಯಿ ಮುಂಗಡ ಪಡೆಯುವುದಾಗಲಿ ಕೂಡದು.