ಪ್ರತಿ: ಗಾಳದ ಕೋಲಿನ ಸ್ಪೈನ್ ಸಿಗುತ್ತಿಲ್ಲ, ಗೈಡ್ ಎಲ್ಲಿ ಕಟ್ಟಲಿ?

ಸ್ಪೈನ್, ಅಂದ್ರೆ ಕೋಲಿನ ಹೆಚ್ಚು ಗಡುಸಾದ ಬದಿ, ಸಿಗದೆ ಕೆಲಸವೇ ನಿಂತಿದೆ ಅಂದಿದ್ದೀರಿ, ಅಷ್ಟು ತಲೆ ಕೆಡಿಸ್ಕೋಬೇಡಿ ಸಾರ್. ಬ್ಲ್ಯಾಂಕಿನ (ಇನ್ನೂ ಏನೂ ಕಟ್ಟದ ಬರಿ ಕೋಲಿನ) ಬುಡವನ್ನು ನುಣುಪು ನೆಲಕ್ಕೆ ಊರಿ, ತುದಿಯನ್ನು ಅಂಗೈ ಮೇಲಿಟ್ಟು, ನಡುವನ್ನು ಇನ್ನೊಂದು ಕೈಯಿಂದ ಒತ್ತಿ ಬಾಗಿಸ್ತಾ ಹೊರಳಿಸಿ. ಒಂದು ಕಡೆ ಟಕ್ಕಂತ ತಾನೇ ತಿರುಗಿ ಕೂರುತ್ತೆ, ಅದೇ ಸ್ಪೈನ್. ಬ್ಲ್ಯಾಂಕ್ ಕಣ್ಣಿಗೆ ಸೊಟ್ಟ ಕಂಡರೆ ಮಾತ್ರ ನಾನಂತೂ ಸ್ಪೈನ್ ಬಿಟ್ಟು, ಕೋಲು ನೇರ ಕಾಣೋ ಹಾಗೆ ಗೈಡ್ (ಗಾಳದ ದಾರ ಹಾಯೋ ಉಂಗುರ) ಕಟ್ತೀನಿ.

ಅದಕ್ಕಿಂತ ಗೈಡಿನ ಪಾದ, ಅಂದ್ರೆ ಕೋಲಿನ ಮೇಲೆ ಕೂರೋ ಭಾಗ, ನೋಡಿ. ಅದರ ತುದಿಯನ್ನು ಅರದಿಂದ ಇಳಿಜಾರಾಗಿ ಉಜ್ಜದಿದ್ದರೆ ಗೈಡ್ ಕಟ್ಟೋ ದಾರ ಅದರ ಮೇಲೆ ಹತ್ತುವಾಗ ಸಂದು ಬಿಡುತ್ತೆ.

ಕಟ್ಟಿದ ದಾರಕ್ಕೆ ಹಚ್ಚೋ ಎಪಾಕ್ಸಿಯ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗೋ ಅಂಟು) ಎರಡೂ ಭಾಗ ಬೇರೆ ಬೇರೆ ಸಿರಿಂಜಿನಲ್ಲಿ ಅಳೆಯಿರಿ. ಕಣ್ಣಳತೆಯಲ್ಲಿ ಬೆರೆಸಿದ ನನ್ನ ಮೊದಲ ಕೋಲು ವಾರ ಕಳೆದರೂ ಅಂಟಂಟು! ಹಚ್ಚಿದ ಮೇಲೆ 3-4 ಗಂಟೆ ಕೋಲನ್ನು ತಿರುಗಿಸ್ತಾನೇ ಇರಿ, ಇಲ್ಲಾಂದ್ರೆ ಕೆಳಗಿಳಿದು ಗಂಟಾಗುತ್ತೆ.