ಪ್ರತಿಕ್ರಿಯೆ: ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯಷ್ಟೇ ಸಾಕೇ?

ಮೂವತ್ತು ದಾಟಿದವರಿಗೆ ನಡೆಯುವ ಅಸಾಂಕ್ರಾಮಿಕ (ಒಬ್ಬರಿಂದ ಒಬ್ಬರಿಗೆ ಹರಡದ) ರೋಗ ತಪಾಸಣೆಯ ಐದು ವಿಷಯಗಳಲ್ಲಿ ಎರಡು, ಅಂದರೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್, ಹೆಂಗಸರಿಗೇ ಮೀಸಲಾಗಿರುವಾಗ ಲಿಂಗದೃಷ್ಟಿ ಎಂದು ಮತ್ತೇನನ್ನು ಸೇರಿಸಬೇಕು ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ, ಅಂಗಾಂಗಕ್ಕೆ ಸಂಬಂಧಿಸಿದ ತಪಾಸಣೆ ಬೇರೆ, ಹೆಣ್ಣು-ಗಂಡಿನ ಬದುಕಿನ ವ್ಯತ್ಯಾಸವನ್ನು ಗಮನಿಸುವ ಲಿಂಗದೃಷ್ಟಿ ಬೇರೆ.

ಈ ತಪಾಸಣೆಗಾಗಿ ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯನ್ನೇ ನೋಡಿ. ಅದರಲ್ಲಿ ಸೊಂಟದ ಸುತ್ತಳತೆಯ ಮಿತಿ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಇದೆ, ಅಡುಗೆಗೆ ಬಳಸುವ ಉರುವಲು ಯಾವುದೆಂಬ ಪ್ರಶ್ನೆಯೂ ಇದೆ. ಬೀಡಿ ಮುಟ್ಟದ ಹೆಂಗಸಿಗೂ ಸೌದೆಯ ಹೊಗೆಯಿಂದ ಶ್ವಾಸಕೋಶದ ದೀರ್ಘಕಾಲಿಕ ಕಾಯಿಲೆ ಬರುತ್ತದೆ ಎಂಬ ಅರಿವು ಅಲ್ಲಿ ಕೆಲಸ ಮಾಡಿದೆ.

ಕೊರತೆ ಇರುವುದು ಮುಂದಿನ ಹಂತದಲ್ಲಿ. ಇಪ್ಪತ್ತನಾಲ್ಕರ ಹರೆಯದಲ್ಲಿ ಗರ್ಭಾವಸ್ಥೆಯ ಮಧುಮೇಹ ಕಂಡ ತಾಯಿಗೆ ಹೆರಿಗೆಯಾದ ಆರು ವಾರಕ್ಕೆ ಮರುಪರೀಕ್ಷೆ ಆಗಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಆ ಹೊತ್ತಿಗೆ ಮನೆಯವರ ಗಮನವೆಲ್ಲ ಮಗುವಿನ ಲಸಿಕೆಯ ಮೇಲಿರುವುದರಿಂದ ಅದು ತಪ್ಪಿಹೋದರೆ, ಮುಂದೆ ಟೈಪ್ 2 ಮಧುಮೇಹದ ಅಪಾಯ ಹೆಚ್ಚಿರುವ ಆಕೆ ಮೂವತ್ತು ತುಂಬುವವರೆಗೆ ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ. ಹಾಗಾಗಿ ಗರ್ಭಿಣಿಯ ಆರೈಕೆಯನ್ನು ದಾಖಲಿಸುವ ತಾಯಿ ಕಾರ್ಡಿನ ಮಾಹಿತಿಯನ್ನು ಮಧುಮೇಹದ ದಾಖಲೆಗೆ ಜೋಡಿಸುವುದನ್ನು ನಿಮ್ಮ ತಾಲ್ಲೂಕು ಯೋಜನೆಯ ಮೊದಲ ಸಾಲಿನಲ್ಲೇ ಬರೆಯಿರಿ.

ಗಂಡಸರನ್ನೂ ಮರೆಯಬೇಡಿ (ಲಿಂಗ ಎಂದೊಡನೆ ಸಭೆಗಳಲ್ಲಿ ಅವರು ಮಾಯವಾಗುತ್ತಾರೆ). ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019–21) ಪ್ರಕಾರ ದೇಶದಲ್ಲಿ 15 ದಾಟಿದ ಗಂಡಸರಲ್ಲಿ ಶೇ. 38, ಹೆಂಗಸರಲ್ಲಿ ಶೇ. 9 ಮಂದಿ ತಂಬಾಕು ಬಳಸುತ್ತಿದ್ದರು. ಹಗಲು ಮನೆಭೇಟಿಗೆ ಸಿಗದ ಗಂಡಸರಿಗಾಗಿ ಸಂಜೆಯ ತಪಾಸಣೆಯನ್ನು ಎಪಿಎಂಸಿ ಅಂಗಳದಲ್ಲೋ ಹಾಲಿನ ಡೇರಿಯಲ್ಲೋ ಇಡಬಹುದು.